ಹುಸೇನಿ ಕಾಕಾನನ್ನು ದಾಟಿ ಹೋದ ಬಿಜಲಿ

ಮೊನ್ನೆ ನನ್ನ ಮೊಮ್ಮಗ ಶರಣು ಖಾಕಿ ಅಂಗಿಯಲ್ಲೇ ಬಂದು ನನ್ನನ್ನು ಅಪ್ಪಿಕೊಂಡ. ಅವನ ಎದೆಯಿಂದ ನಾಯಿಯ ಒದ್ದೆ ಕೂದಲಿನ ವಾಸನೆ, ಎಣ್ಣೆ ಕುಡಿದ ಚರ್ಮದ ಪಟ್ಟಿಯ ವಾಸನೆ ಒಟ್ಟಿಗೇ ಬಂತು. "ಆಯಿ, ನನಗ ಪೊಲೀಸ್ ನಾಯಿ ಕೊಟ್ಟಾರ. ಇನ್ನ ಮ್ಯಾಲ ಅದರ ಊಟ, ನಿದ್ದಿ, ಕೆಲಸ ಎಲ್ಲಾ ನಂದೇ" ಅಂದ. ನಾನು ನಕ್ಕೆ, ಅತ್ತೆ, ಕೆನ್ನೆ ಸವರಿ ನೆಟಿಕೆ ಮುರಿದೆ, ಮತ್ತೆ ಅಪ್ಪಿಕೊಂಡೆ. "ಸಾಕು ಬಿಡು ಆಯಿ, ಮೈ ನಾರ್ಲಾಕತ್ತದ" ಅಂದರೆ, "ನಾರಲಿ ಬಿಡೋ, ನಮ್ಮಪ್ಪನೂ ಹಿಂಗೇ ನಾರ್ತಿದ್ದ" ಅಂದೆ. ಮಠದ ಅಯ್ಯನವರ ಹತ್ತಿರ ಎರಡು ವರ್ಷ ಮಣ್ಣಿನ ಮೇಲೆ ಅಕ್ಷರ ತಿದ್ದಿದವಳು ನಾನು. ನನ್ನ ಸಾಲು ನೆಟ್ಟಗೆ ನಡೆಯುವುದಿಲ್ಲ. ಆದರೂ ಈ ಸಂತೋಷವನ್ನು ಹೊಟ್ಟೆಯಲ್ಲಿ ಹಿಡಿದಿಡಲಾರದೆ ಬರೆಯಲು ಕೂತಿದ್ದೇನೆ. ನಿಮಗೂ ಹೀಗೆ ಆಗಿರಬೇಕು, ಒಂದು ವಾಸನೆ ಬಡಿದ ಕೂಡಲೇ ಎಂದೋ ಬಿದ್ದುಹೋದ ಮನೆ ಗೋಡೆ ಸಮೇತ ಎದ್ದು ನಿಲ್ಲುವುದು.

ಆಗ ನಿಜಾಮರ ಆಳ್ವಿಕೆ. ಅಪ್ಪ ಕಮಲಾಪುರದ ಚೌಕಿಯಲ್ಲಿ ಪೊಲೀಸ್ ಜವಾನ. ಚೌಕಿಯ ಹಿಂದೆಯೇ ನಮ್ಮ ಫರಸಿ ಕಲ್ಲಿನ ಸಣ್ಣ ಮನೆ, ಅದರ ಹಿಂದೆ ಕೆಂಪು ಬಾಳೆಯ ತೋಟ. ಗೊನೆ ಹಣ್ಣಾಗುವ ದಿನಗಳಲ್ಲಿ ಹಿತ್ತಲ ಬಾಗಿಲು ತೆಗೆದರೆ ಸಾಕು, ಮನೆಯೆಲ್ಲ ಸಿಹಿಯಾಗುತ್ತಿತ್ತು. ಸರ್ಕಾರಿ ನಾಯಿ ಅಂತ ಆಗ ನಮ್ಮ ಕಡೆ ಇರಲಿಲ್ಲ. ಬಿಜಲಿ ಅಪ್ಪನೇ ಸಾಕಿದ ಕಂದು ಬಣ್ಣದ ಊರನಾಯಿ. ಆದರೆ ಎಲ್ಲಿ ಕಳವಾದರೂ ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರು ಅವಳನ್ನೇ ಕೇಳುತ್ತಿದ್ದರು. ಕೆಲಸವಿದ್ದ ದಿನ ಅಪ್ಪ ತಂಬಾಕು ಮುಟ್ಟುತ್ತಿರಲಿಲ್ಲ, ಕೈಯನ್ನು ಒಲೆಯ ಬೂದಿಯಲ್ಲಿ ತಿಕ್ಕಿ ತೊಳೆಯುತ್ತಿದ್ದ. ಬಿಜಲಿಯ ಕೊರಳಿಗೆ ಪಟ್ಟಿ ಕಟ್ಟಿದ ಮೇಲೆ ಅವಳ ಹೆಸರನ್ನೂ ಕರೆಯುತ್ತಿರಲಿಲ್ಲ. ಅವಳು ಮುಂದೆ, ಅವನು ಹಿಂದೆ. ಅವಳು ನಿಂತರೆ ನಿಂತ, ಓಡಿದರೆ ಓಡಿದ. ಊರವರು, "ಏನೋ, ನೀ ನಾಯಿ ಹಿಡ್ದೀಯೋ, ನಾಯಿ ನಿನ್ನ ಹಿಡ್ದದೋ?" ಎಂದು ಕಾಡಿದರೆ ಅಪ್ಪ, "ಮೂಗು ಅದರದು, ಬಿಲ್ಲಾ ನಂದು" ಎಂದು ಎದೆಯ ಹಿತ್ತಾಳೆ ಬಿಲ್ಲೆ ಮುಟ್ಟಿ ನಗುತ್ತಿದ್ದ. ಹುಡುಕಿದವನು ಸಿಕ್ಕಾಗ ಬಿಜಲಿ ಬೊಗಳುತ್ತಿರಲಿಲ್ಲ. ಮುಂಗಾಲು ಜೋಡಿಸಿ ಎದುರಿಗೆ ಕೂತುಬಿಡುತ್ತಿದ್ದಳು, ಅಷ್ಟೇ.

ನನಗೆ ಏಳೋ ಎಂಟೋ ವರ್ಷ. ಊರ ರೈತನೊಬ್ಬನ ಜೋಡೆತ್ತು ಕಳವಾದವು. ಕೊಟ್ಟಿಗೆಯಲ್ಲಿ ಕಳ್ಳನ ರುಮಾಲು ಬಿದ್ದಿತ್ತು. ಸುರಿದ ಮಳೆಗೆ ಹೆಜ್ಜೆ ವಾಸನೆ ಎಲ್ಲ ತೊಳೆದುಹೋಗಿ, ಉಳಿದದ್ದು ಆ ರುಮಾಲೊಂದೇ. ಚೌಕಿಯಲ್ಲಿಟ್ಟರೆ ಹತ್ತು ಕೈ ಮುಟ್ಟುತ್ತವೆ ಎಂದು ಅಪ್ಪ ಅದನ್ನು ಮನೆಗೆ ತಂದು, ಹೊಸ ಗಡಿಗೆಯೊಳಗಿಟ್ಟು, ಬಾಯಿ ಮುಚ್ಚಿ ಗೋಡೆಯ ಮಾಡದಲ್ಲಿಟ್ಟ. "ಇದರ ಸನೇಕ ಯಾರೂ ಹೋಗಬ್ಯಾಡ್ರಿ" ಅಂದ. ಅವ್ವ ಹೋಗಲಿಲ್ಲ. ನಾನು ಹೋದೆ. ಗುಲಾಬಿ ಬಣ್ಣದ ಮೆತ್ತನೆಯ ಬಟ್ಟೆ ಅದು. ನನ್ನ ಚಿಂದಿಯ ಗೊಂಬೆಗೆ ತೊಟ್ಟಿಲು ಬೇಕಾಗಿತ್ತು. ಅಪ್ಪ ಚೌಕಿಗೆ ಹೋದ ಮಧ್ಯಾಹ್ನ ಅದನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಜೋಗುಳ ಹಾಡಿ, ತೂಗಿ, ಕೊನೆಗೆ ನಾನೂ ಅದರ ಮೇಲೆ ಮುಖವಿಟ್ಟು ಮಲಗಿ, ಎದ್ದು ಹಾಗೆಯೇ ಮಡಚಿ ಗಡಿಗೆಯಲ್ಲಿಟ್ಟೆ.

ಮರುದಿನ ಅಮೀನ ಸಾಹೇಬರು ಬಂದರು. ಅವರ ಗುಮಾನಿ ಹುಸೇನಿ ಕಾಕಾನ ಮೇಲೆ. ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಬಡಿಯುವುದು ಅವನ ಕಸುಬು. ಕಳವಾದ ದಿನವೇ ಆ ಎತ್ತುಗಳಿಗೆ ಅವನು ನಾಲು ಬಡಿದಿದ್ದ. ಚೌಕಿಯ ಅಂಗಳದಲ್ಲಿ ಆರು ಜನ ಗಂಡಸರ ನಡುವೆ ಅವನನ್ನೂ ನಿಲ್ಲಿಸಿದರು. ಅವನ ಹೆಂಡತಿ ಗೋಡೆಗೆ ಆತು ಸೆರಗು ಕಚ್ಚಿಕೊಂಡು ನಿಂತಿದ್ದಳು. ಅಪ್ಪನ ಮುಖ ಬಾಡಿತ್ತು, ಯಾಕೆಂದರೆ ದಿನಾ ಬೆಳಿಗ್ಗೆ ಬಿಜಲಿಗೆ ರೊಟ್ಟಿಯ ಚೂರು ಹಾಕುತ್ತಿದ್ದವನು ಇದೇ ಹುಸೇನಿ ಕಾಕಾ. ಅವಳು ಪ್ರೀತಿಯಿಂದ ಅವನ ಮುಂದೆ ಕೂತರೂ ಅವನು ಜೈಲಿಗೆ. ಅಪ್ಪ ರುಮಾಲು ಮೂಸಿಸಿ ಪಟ್ಟಿಯನ್ನು ಸಡಿಲ ಬಿಟ್ಟ. ಬಿಜಲಿ ಒಬ್ಬೊಬ್ಬರನ್ನೇ ಮೂಸುತ್ತ ಬಂದಳು. ಹುಸೇನಿ ಕಾಕಾನ ಕಾಲು ಮೂಸಿದಳು, ಬಾಲ ಒಮ್ಮೆ ಆಡಿಸಿದಳು, ದಾಟಿದಳು. ಸಾಲಿನಲ್ಲಿದ್ದ ಎಲ್ಲರನ್ನೂ ದಾಟಿ, ನೋಡಲು ನೆರೆದ ಗುಂಪಿನೊಳಗೆ ನುಗ್ಗಿ, ಅಲ್ಲಿ ನಿಂತಿದ್ದ ನನ್ನೆದುರು ಬಂದು ಮುಂಗಾಲು ಜೋಡಿಸಿ ಕೂತಳು.

ಜನ ಹೋ ಎಂದು ನಕ್ಕರು. "ಅರೇ ಜವಾನ, ನಿನ್ನ ಮಗಳೇ ಎತ್ತು ಕದ್ದಾಳೇನೋ?" ಎಂದು ಅಮೀನ ಸಾಹೇಬರೂ ನಕ್ಕು, ಆಮೇಲೆ ಸಿಟ್ಟಾದರು. "ಬೇಕಾರ್ ನಾಯಿ. ಹುಸೇನಿಗ ಕಲಬುರಗಿಗಿ ಒಯ್ರಿ." ಆಗ ಅಪ್ಪ ನನ್ನನ್ನು ನೋಡಿದ. "ಗೊಂಬಿ ತೊಟ್ಟಿಲ ಮಾಡಿದ್ದೆ ಯಪ್ಪಾ" ಎಂದು ಅಳುತ್ತ ಹೇಳಿಬಿಟ್ಟೆ. ಅದು ನನಗೂ ಅವನಿಗೂ ಮಾತ್ರ ಕೇಳಿಸಿತ್ತು. ನಾಯಿ ತಪ್ಪಿತು ಅಂದಿದ್ದರೆ ಅವನ ನೌಕರಿಗೆ ಏನೂ ಆಗುತ್ತಿರಲಿಲ್ಲ. ಅಪ್ಪ ತಲೆಯೆತ್ತಿ, "ಹುಜೂರ, ನಾಯಿ ಖರೇ ಹೇಳ್ಯದ. ಚೌಕ್ಯಾಗ ಇಡೂ ರುಮಾಲು ಮನ್ಯಾಗ ಇಟ್ಟಾಂವ ನಾನು. ನನ್ನ ಮಗಳು ಅದರ ಮ್ಯಾಲ ಮಲಗ್ಯಾಳ. ತಪ್ಪು ನಂದು. ಆದ್ರ ದಿನಾ ರೊಟ್ಟಿ ಹಾಕಾವನ್ನ ಇದು ದಾಟಿ ಹೋಗ್ಯದ, ನೋಡೀರಿ ನೀವೂ. ರುಮಾಲು ಅವಂದಿದ್ರ ದಾಟ್ತಿರಲಿಲ್ರಿ" ಅಂದ. ಅಮೀನ ಸಾಹೇಬರು ಬಹಳ ಹೊತ್ತು ಬಿಜಲಿಯನ್ನೇ ನೋಡಿದರು. ಅವಳು ಇನ್ನೂ ನನ್ನ ಮುಂದೆಯೇ ಕೂತಿದ್ದಳು. "ಹುಸೇನಿಗ ಬಿಡ್ರಿ" ಅಂದರು. ಎಂಟು ದಿನಕ್ಕೆ ಎತ್ತುಗಳು ಬೇರೆ ಊರಲ್ಲಿ ಸಿಕ್ಕವು, ರುಮಾಲಿನವನೂ ಬೇರೆಯವನೇ ಎಂದು ಗೊತ್ತಾಯಿತು.

ಅಪ್ಪನಿಗೆ ಮಾತ್ರ ಕಮಲಾಪುರ ತಪ್ಪಿತು. ಪುರಾವೆ ಮನೆಗೆ ಒಯ್ದ ತಪ್ಪಿಗೆ ಅವನನ್ನು ಕಲಬುರಗಿಯ ಖಜಾನೆ ಬಾಗಿಲಿನ ಪಹರೆಗೆ ಹಾಕಿದರು. ಅಲ್ಲಿ ನಾಯಿಗೆ ಕೆಲಸವಿರಲಿಲ್ಲ. ಗಾಡಿ ಕಟ್ಟಿದ ದಿನ ಹುಸೇನಿ ಕಾಕಾ, "ಬಿಜಲಿಗಿ ಇಲ್ಲೇ ಬಿಡಪಾ, ಪಟ್ಟಿ ಕಟ್ಟಿ ಕೂಡು ಅಂತ ಹೇಳಿ ಹೋಗು, ಕೂಡ್ತದ. ನಾ ನೋಡ್ಕೋತೀನಿ" ಅಂದ. ಅಪ್ಪ, "ಕೂಡ್ತದ ಕಾಕಾ. ನಾ ಬರೂತನಕ ಕೂಡ್ತದ. ಬರ್ತೀನಂತ ಅದಕ್ಕ ನಾ ಸುಳ್ಳು ಹೇಳಲಾರೆ" ಎಂದು ಅವಳನ್ನು ಎತ್ತಿ ಗಾಡಿಯಲ್ಲಿ ನನ್ನ ಪಕ್ಕ ಕೂಡಿಸಿದ.

ಕಲಬುರಗಿಯ ಶಹಾಬಜಾರದ ಇಕ್ಕಟ್ಟಿನ ಓಣಿಯಲ್ಲಿ ನಮ್ಮದು ಬಾಡಿಗೆಯ ಒಂದೇ ಕೋಣೆ. ಅಲ್ಲಿ ಬಾಳೆಯ ವಾಸನೆ ಇರಲಿಲ್ಲ, ಅಪ್ಪನನ್ನು ಕಾಡಿ ನಗಿಸುವ ಜನ ಇರಲಿಲ್ಲ. ಅವನು ಒಮ್ಮೆಯೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಬಿಜಲಿ ತನಗೆ ತಾನೇ ಒಂದು ಕೆಲಸ ಹುಡುಕಿಕೊಂಡಳು. ಸಂಜೆಯಾದರೆ ಓಣಿಯ ಬಾಯಿಗೆ ಹೋಗಿ ನಿಲ್ಲುವುದು. ಒಂದೇ ಬಣ್ಣದ ಅಂಗಿ ತೊಟ್ಟ ಎಷ್ಟೋ ಜವಾನರು ಸಾಲಾಗಿ ಬರುತ್ತಿದ್ದರು. ವಯಸ್ಸಾಗಿ ಕಣ್ಣು ಮಂಜಾದ ಮೇಲೂ ಬಿಜಲಿ ಅವರೊಳಗಿಂದ ಅಪ್ಪನನ್ನು ಆರಿಸಿ, ಅವನ ಮುಂದೆ ಮುಂದೆ ನಡೆದು ಮನೆಗೆ ಕರೆತರುತ್ತಿದ್ದಳು. ಅವನೂ ಹಳೆಯ ರೂಢಿಯಂತೆ ಎರಡು ಹೆಜ್ಜೆ ಹಿಂದೆಯೇ ಬರುತ್ತಿದ್ದ. ಐದು ವರ್ಷ ಹೀಗೆ ನಡೆಯಿತು. ಒಂದು ಬೇಸಿಗೆಯ ಮಧ್ಯಾಹ್ನ ಅವಳು ನೀರಿನ ಕೊಡದ ಪಕ್ಕ ತಣ್ಣಗಿನ ನೆಲದ ಮೇಲೆ ಮಲಗಿದವಳು ಏಳಲಿಲ್ಲ. ಸುದ್ದಿ ಹೇಳಿಕಳಿಸಲು ಯಾರೂ ಇರಲಿಲ್ಲ. ನಾನು, ಅವ್ವ ಬಾಗಿಲಲ್ಲಿ ಕೂತೆವು. ಆ ಸಂಜೆ ಅಪ್ಪ ಓಣಿಯ ಬಾಯಲ್ಲಿ ಬಹಳ ಹೊತ್ತು ನಿಂತಿದ್ದನಂತೆ. ಆಮೇಲೆ ಒಬ್ಬನೇ, ದಾರಿ ಗೊತ್ತಿಲ್ಲದವನ ಹಾಗೆ ಒಂದೊಂದು ಬಾಗಿಲನ್ನೂ ನೋಡುತ್ತ ಮನೆಗೆ ಬಂದ.