ಕುಣಿಗೊಂದೇ ಕಾಳು

ಒಂದು ಕುಣಿಗೆ ಎಷ್ಟು ಕಾಳು ಹಾಕಬೇಕು ಎಂಬುದು ಮನುಕುಲದ ಮುಂದಿರುವ ಗಂಭೀರ ಪ್ರಶ್ನೆಗಳಲ್ಲಿ ಒಂದು. ಕನ್ಯಿಂಬಿ ಎಂಬ ಊರಿನ ಮಟ್ಟಿಗೆ ಉಳಿದ ಪ್ರಶ್ನೆಗಳೆಲ್ಲ ಇದಾದ ಮೇಲೆ. ಮೆಕ್ಕೆಜೋಳ ಬಿತ್ತುವಾಗ ಕುಣಿಗೆ ಮೂರು ಕಾಳು ಬೀಳಲೇಬೇಕು ಎನ್ನುವವರು ಊರಿನ ಮುಕ್ಕಾಲು ಪಾಲು. ಒಂದೇ ಸಾಕು ಎನ್ನುವವರು ಕಾಲು ಪಾಲು, ಅವರಲ್ಲಿ ಹೆಚ್ಚಿನವರು ಹೆಂಗಸರು. ಈ ವಿಷಯಕ್ಕೆ ಒಂದು ಮದುವೆಯ ಮಾತುಕತೆ ಎರಡು ವಾರ ಮುಂದೆ ಹೋಗಿದೆ. ಚರ್ಚಿನ ಹಾಡುಗಾರರಲ್ಲಿ ಮೂರು ಕಾಳಿನವರು ಬಲಕ್ಕೆ, ಒಂದು ಕಾಳಿನವರು ಎಡಕ್ಕೆ ನಿಲ್ಲುತ್ತಾರೆ. ಸದ್ಯ, ಹಾಡು ಇನ್ನೂ ಒಂದೇ ಇದೆ.

ಈ ಎಲ್ಲ ಒಡಕಿಗೆ ಮೂಲವಾದ ವ್ಯಕ್ತಿ ಈಗ ಶಾಲೆಯ ಅಂಗಳ ಗುಡಿಸುತ್ತಿದ್ದಾರೆ. ಹೆಸರು ಎನೆಲೆಸಿ ಕಚಿಂಗ್ವೆ, ವಯಸ್ಸು ಐವತ್ತೊಂದು. ಮಲಾವಿಯ ಈ ಗುಡ್ಡದ ಸೀಮೆಯಲ್ಲಿ ಮೇ ತಿಂಗಳ ಬೆಳಗು ಎಂದರೆ ಹಲ್ಲು ಕಟಕಟಿಸುವ ಮಂಜು. ಸೂರ್ಯ ಹುಟ್ಟಿದ್ದಾನೆ ಎನ್ನುವುದಕ್ಕೆ ಕೋಳಿಯ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಎನೆಲೆಸಿ ಎರಡು ದೊಡ್ಡ ಚಾಪೆಗಳನ್ನು ಹತ್ತು ಹೆಜ್ಜೆ ಅಂತರದಲ್ಲಿ ಹಾಸುತ್ತಾರೆ. ಎರಡು ಬಿದಿರಿನ ಕಣಜಗಳಿಂದ ಬುಟ್ಟಿ ಬುಟ್ಟಿ ತೆನೆ ಹೊತ್ತು ತಂದು, ಒಂದರದ್ದು ಒಂದು ಚಾಪೆಗೆ, ಇನ್ನೊಂದರದ್ದು ಇನ್ನೊಂದಕ್ಕೆ ಸುರಿಯುತ್ತಾರೆ. ಒಂದು ತೆನೆ ಉರುಳಿ ನಡುವೆ ನಿಂತರೆ ಅದು ಯಾವ ಕಡೆಯದು ಎಂದು ನೆನಪಿಸಿಕೊಳ್ಳುವವರೆಗೆ ಕೆಲಸ ನಿಲ್ಲುತ್ತದೆ.

"ಹೇಗೆ ಎದ್ರಿ?" ಎಂದು ಹೊರಗಿನಿಂದ ಬಂದ ನಾನು ಕೇಳುತ್ತೇನೆ. ಇಲ್ಲಿ ಬೆಳಗ್ಗೆ ಮೊದಲು ಕೇಳಬೇಕಾದ್ದು ಅದು.

"ಚೆನ್ನಾಗಿ ಎದ್ವಿ. ನೀವು ಹೇಗೆ ಎದ್ರೋ ಗೊತ್ತಿಲ್ಲ, ನಿಮ್ಮ ಕೈ ಮಾತ್ರ ಇನ್ನೂ ಎದ್ದಿಲ್ಲ. ಕೂತ್ಕೊಳ್ಳಿ, ಕಾಳು ಬಿಡಿಸಿ" ಎಂದು ಮಡಿಲಿಗೆ ನಾಲ್ಕು ತೆನೆ ಹಾಕುತ್ತಾರೆ. ಅವರ ಹತ್ತಿರ ಬಂದವರು ಬರಿಗೈಲಿ ಕೂತು ಮಾತಾಡಿದ್ದು ಊರಲ್ಲಿ ಯಾರಿಗೂ ನೆನಪಿಲ್ಲ.

ಇವತ್ತು ಅಳತೆಯ ದಿನ. ಶಾಲೆಯ ಹಿಂದಿನ ಒಂದು ಎಕರೆ ತೋಟ ಉಳಿಯುತ್ತದೋ ಫುಟ್‌ಬಾಲ್ ಮೈದಾನವಾಗುತ್ತದೋ ಎಂಬುದು ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕು.

ಕಾಗದದ ಮೇಲೆ ಎನೆಲೆಸಿ ಶಾಲೆಯ ಅಡುಗೆ ಸಹಾಯಕಿ. ಅವರು ಯಾರಿಗೆ ಸಹಾಯಕಿ ಎಂಬುದು ಮಾತ್ರ ಪತ್ತೆಯಾಗಿಲ್ಲ, ಏಕೆಂದರೆ ಬೇರೆ ಅಡುಗೆಯವರಿಲ್ಲ. ನವೆಂಬರ್‌ನಿಂದ ಹೊಸ ತೆನೆ ಬಲಿಯುವ ಮಾರ್ಚ್ ನಡುವಿನವರೆಗೆ ಊರಿನ ಕಣಜಗಳೆಲ್ಲ ಬರಿದಾಗಿರುತ್ತವೆ. ಆ ತಿಂಗಳುಗಳಲ್ಲಿ ಅವರು ನಾಲ್ಕಕ್ಕೆ ಎದ್ದು, ಏಳು ಕೊಡ ನೀರು ಹೊತ್ತು, ಸೀಳಿದ ಡ್ರಮ್ಮಿನಲ್ಲಿ ಇನ್ನೂರ ಹನ್ನೆರಡು ಮಕ್ಕಳಿಗೆ ಗಂಜಿ ಕಾಯಿಸುತ್ತಾರೆ. ದಿನಕ್ಕೆ ಒಂದು ಬಕೆಟ್ ಜೋಳ. ಹೋದ ವರ್ಷ ತೋಟ ಕೊಟ್ಟದ್ದು ಐವತ್ತೆರಡು ಬಕೆಟ್. ಜನವರಿ ಕೊನೆಗೆ ಡ್ರಮ್ಮು ಬೋರಲಾಯಿತು. ಮರುವಾರ ತರಗತಿಗಳಲ್ಲಿ ತೊಂಬತ್ತು ಮಕ್ಕಳಿದ್ದರು.

"ಮಕ್ಕಳು ಪಾಠಕ್ಕೆ ಬರ್ತಾರೆ ಅಂತ ಮೇಷ್ಟ್ರು ತಿಳ್ಕೊಂಡಿದ್ರು" ಎನ್ನುತ್ತಾರೆ ಎನೆಲೆಸಿ. "ಪಾಪ, ಅವರಿಗೆ ಬೇಜಾರಾಯ್ತು."

ಬೆಳಗಿನ ಗಂಜಿ ಮುಗಿದ ಮೇಲೆ ತೋಟ. ವಾರಕ್ಕೆ ಮೂರು ಮಧ್ಯಾಹ್ನ ಮಾವಿನ ಮರದ ಕೆಳಗೆ ಇಪ್ಪತ್ತನಾಲ್ಕು ಹೆಂಗಸರಿಗೆ ಓದು, ಬರಹ, ಲೆಕ್ಕ. ಇದಕ್ಕೆ ಕಾಗದದಲ್ಲಿ ಯಾವ ಹೆಸರೂ ಇಲ್ಲ.

ಅವರೇ ಅಕ್ಷರ ಕಲಿತದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ. ಗಂಡ ಆಗ ಗಣಿ ಕೆಲಸಕ್ಕೆಂದು ಜೋಹಾನ್ಸ್‌ಬರ್ಗಿಗೆ ಹೋಗಿದ್ದರು. ಅವರ ಕಾಗದಗಳನ್ನು ಓದಿ ಹೇಳುತ್ತಿದ್ದವನು ಅಂಗಡಿಯವನು, ಅದೂ ಉಪ್ಪು ಸೋಪು ಕೊಳ್ಳಲು ನಿಂತವರ ಎದುರಿಗೆ, ದೊಡ್ಡ ದನಿಯಲ್ಲಿ. "ನಮ್ಮೆಜಮಾನ್ರು ನನ್ನನ್ನ ಎಷ್ಟು ನೆನೆಸ್ಕೋತಾರೆ ಅಂತ ನನಗಿಂತ ಮೊದಲು ಸಾಲಲ್ಲಿ ಮುಂದೆ ನಿಂತೋರಿಗೆ ಗೊತ್ತಾಗೋದು. ಒಂದಿನ ಆ ಅಂಗಡಿಯವನು ಓದ್ತಾ ಓದ್ತಾ ನಕ್ಕುಬಿಟ್ಟ. ಯಾಕೆ ನಕ್ಕ ಅಂತ ಹೇಳ್ಲಿಲ್ಲ." ಮರುದಿನದಿಂದ ಎನೆಲೆಸಿ ಗಂಜಿ ಸೌಟು ಹಿಡಿದುಕೊಂಡೇ ಒಂದನೇ ತರಗತಿಯ ಕಿಟಕಿಯ ಹೊರಗೆ ನಿಂತರು. ಎರಡು ವರ್ಷದಲ್ಲಿ ಹಳೆಯ ಕಾಗದಗಳನ್ನೆಲ್ಲ ತೆಗೆದು ತಾವೇ ಓದಿದರು. ನಗುವಂಥದ್ದು ಏನಿತ್ತು ಎಂದು ಕೇಳಿದರೆ ತೆನೆ ಬಿಡಿಸುವುದರಲ್ಲಿ ಬಹಳ ತಲ್ಲೀನರಾಗುತ್ತಾರೆ. ಗಂಡ ಈಗ ಊರಲ್ಲೇ ಇದ್ದಾರೆ, ಆಡು ಮೇಯಿಸುತ್ತಾರೆ. "ಕಾಗದ ಬರೆಯೋದು ನಿಲ್ಲಿಸಿದ್ದಾರೆ."

ಪುಸ್ತಕದ ಹೊರಗೆ ಅವರು ಓದಿದ ಮೊದಲ ಬರಹ ಬೀಜದ ಪೊಟ್ಟಣದ ಹಿಂಬದಿ. ಊರಿನವರು ಆ ಪೊಟ್ಟಣವನ್ನು ವರ್ಷಗಳಿಂದ ಕೊಳ್ಳುತ್ತಿದ್ದರು. ಮುಂಬದಿಯ ತೆನೆಯ ಚಿತ್ರ ಎಲ್ಲರ ಮನೆಯ ಗೋಡೆಯ ಮೇಲೂ ಅಂಟಿಕೊಂಡಿತ್ತು, ಹಿಂಬದಿ ಎಲ್ಲರ ಮನೆಯಲ್ಲೂ ಗೋಡೆಗೆ ಮುಖ ಮಾಡಿಕೊಂಡಿತ್ತು. ಅಲ್ಲಿ ಬರೆದಿದ್ದದ್ದು ಇಷ್ಟು: ಕುಣಿಗೆ ಒಂದೊಂದು ಬೀಜ, ಕುಣಿಯಿಂದ ಕುಣಿಗೆ ಒಂದು ಗೇಣಿನ ಮೇಲೆ ಒಂದು ಬೆರಳು ಅಂತರ. ಕೊನೆಯದು ಎನೆಲೆಸಿ ಸೆಂಟಿಮೀಟರಿನಿಂದ ಮಾಡಿಕೊಂಡ ಅನುವಾದ. ಆ ಅಳತೆಗೆ ಅವರು ಗೊಬ್ಬರದ ಚೀಲದ ದಾರ ಹೊಸೆದು, ಗಂಟು ಗಂಟು ಹಾಕಿ ಹಗ್ಗ ಮಾಡಿಕೊಂಡರು. ಅದು ಅವರ ಸೊಂಟ ಬಿಟ್ಟು ಇಳಿಯುವುದಿಲ್ಲ. ಅಂದಿನಿಂದ ಊರು ಅವರನ್ನು 'ಒಂದೊಂದಮ್ಮ' ಎಂದು ಕರೆಯುತ್ತದೆ. ಇಲ್ಲಿನ ಮಾತಿನಲ್ಲಿ ಕಚಿಂಗ್ವೆ ಎಂದರೆ ಪುಟ್ಟ ಹಗ್ಗ ಎಂಬುದನ್ನೂ ಯಾರೂ ಸುಮ್ಮನೆ ಬಿಟ್ಟಿಲ್ಲ.

"ಹೆಸರು ಗಂಡನ ಮನೇದು. ಹಗ್ಗ ನಂದೇ."

ತೋಟದ ಮೇಲೆ ಕಣ್ಣಿಟ್ಟವರು ಊರಿನ ಮುಖ್ಯಸ್ಥರು. ಎಲ್ಲರೂ ಅವರನ್ನು ಅಮ್ಫುಮು ಎಂದೇ ಕರೆಯುತ್ತಾರೆ. ದುಷ್ಟರಲ್ಲ, ಫುಟ್‌ಬಾಲ್ ಪ್ರೇಮಿ. ಊರಿನ ಮೈದಾನ ಇಳಿಜಾರಿನಲ್ಲಿದೆ. "ಮೊದಲರ್ಧ ಗುಡ್ಡ ಹತ್ತಿಕೊಂಡು ಆಡ್ತೀವಿ, ಎರಡನೇ ಅರ್ಧ ಚೆಂಡಿನ ಹಿಂದೆ ಹೊಳೇವರೆಗೂ ಓಡ್ತೀವಿ. ಇದು ಆಟಾನಾ?" ಎಂಬುದು ಅವರ ಸಂಕಟ. ಊರಲ್ಲಿ ಸಮತಟ್ಟಾದ ಜಾಗ ಶಾಲೆಯ ತೋಟ ಒಂದೇ. ಜನವರಿಗೇ ಕೈಕೊಡುವ ತೋಟಕ್ಕೆ ಅಷ್ಟು ಒಳ್ಳೆಯ ನೆಲ ಏಕೆ ಎಂದು ಅವರು ಕೇಳಿದಾಗ ಎನೆಲೆಸಿ ಒಂದು ಹಂಗಾಮು ಅವಕಾಶ ಬೇಡಿದರು. ಅಮ್ಫುಮು ತೀರ್ಪು ಕೊಟ್ಟರು: ಅರ್ಧ ತೋಟಕ್ಕೆ ಒಂದೊಂದು ಕಾಳು, ಅರ್ಧಕ್ಕೆ ಮೂರು ಮೂರು. ಒಂದರ ಕಡೆ ಹೆಚ್ಚು ಬೆಳೆದರೆ ತೋಟ ಶಾಲೆಗೆ, ಇಲ್ಲವಾದರೆ ಆಟಕ್ಕೆ. ತೀರ್ಪು ಕೊಟ್ಟವರೇ ಮರುದಿನ ಗೋಲ್ ಕಂಬಗಳನ್ನು ಕಡಿಸಿ ತಮ್ಮ ಜಗುಲಿಗೆ ಒರಗಿಸಿದರು. ನ್ಯಾಯ ಬೇರೆ, ತಯಾರಿ ಬೇರೆ.

ಮೂರು ಕಾಳಿನ ಕಡೆಗೆ ಒಡತಿಯಾಗಿ ನಿಂತವರು ಅಗೋಗೊ ಫಲೇಸಿ. ಎಪ್ಪತ್ತು ದಾಟಿದ, ಊರಿಗೆಲ್ಲ ಅಗೋಗೊ, ಅಂದರೆ ಅಜ್ಜಿ, ಆದ ಹೆಂಗಸು. ಎನೆಲೆಸಿಯ ತರಗತಿಯಲ್ಲಿ ಅತಿ ಹಿರಿಯ ವಿದ್ಯಾರ್ಥಿನಿಯೂ ಅವರೇ. ಕೂಡುವ ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಕಳೆಯುವ ಲೆಕ್ಕವನ್ನು ಮಾತ್ರ ಮೂರು ವರ್ಷದಿಂದ ಮುಟ್ಟಿಲ್ಲ. ಬರುವುದಿಲ್ಲ ಎಂದಲ್ಲ, ತತ್ವದ ಪ್ರಶ್ನೆ.

"ಐದರಲ್ಲಿ ಎರಡು ಕಳೆದರೆ ಮೂರು ಅಂತೀಯ, ಸರಿ. ಕಳೆದ ಎರಡು ಎಲ್ಲಿ ಹೋಯ್ತು?" ಎಂದು ಅವರು ಕೇಳುತ್ತಿದ್ದರು. "ಎಲ್ಲೂ ಹೋಗಿಲ್ಲ ಅಗೋಗೊ, ಇದು ಲೆಕ್ಕ" ಎಂದರೆ, "ಎಲ್ಲೂ ಹೋಗದೆ ಇದ್ರೆ ಹುಡುಕು" ಎಂದು ಸ್ಲೇಟು ಮಗುಚಿಬಿಡುತ್ತಿದ್ದರು.

ನವೆಂಬರ್ ಕೊನೆಗೆ ಮಳೆ ಬಿತ್ತು, ಬಿತ್ತನೆ ಮುಗಿಯಿತು. ಎಂಟನೇ ದಿನ ಎನೆಲೆಸಿ ಗಂಜಿ ಇಳಿಸಿ ತೋಟಕ್ಕೆ ಹೋದರೆ, ತಮ್ಮ ಕಡೆಯ ಮೊದಲ ಹನ್ನೊಂದು ಸಾಲುಗಳಲ್ಲಿ ಕುಣಿಗೆ ಮೂರು ಮೂರು ಮೊಳಕೆ. ಪತ್ತೇದಾರಿಕೆ ಬೇಕಾಗಲಿಲ್ಲ. ಮಣ್ಣಿನಲ್ಲಿ ಫಲೇಸಿಯ ಊರುಗೋಲಿನ ಗುರುತು ಸಾಲುದ್ದಕ್ಕೂ ಇತ್ತು.

ಅವರು ಬೈಯಲಿಲ್ಲ. ಆ ಮಧ್ಯಾಹ್ನದ ತರಗತಿಯನ್ನು ಮಾವಿನ ಮರದಿಂದ ತೋಟಕ್ಕೆ ಬದಲಾಯಿಸಿದರು. ಇಪ್ಪತ್ತನಾಲ್ಕು ಹೆಂಗಸರು ಸಾಲಿನ ಮೇಲೆ ಸುತ್ತ ಕೂತರು.

"ಇದು ನಿಮ್ಮ ಕೆಲಸಾನಾ ಅಗೋಗೊ?"

"ನಂದೇ" ಎಂದರು ಫಲೇಸಿ, ಒಂದಿಷ್ಟೂ ಅಳುಕದೆ. "ಮೋಸಕ್ಕಲ್ಲ. ಬಿತ್ತಿದ ಮಾರನೇ ಬೆಳಗ್ಗೆ ನೆನೆಸ್ಕೊಂಡ್ರೆ ಒಂದೊಂದೇ ಕಾಳು ಒಂದೊಂದು ಕುಣೀಲಿ. ಕತ್ತಲೆ, ಜೊತೆಗೆ ಯಾರೂ ಇಲ್ಲ. ಜೊತೆಗೆ ಅಂತ ಎರಡೆರಡು ಹಾಕಿದೆ. ಒಂಟಿ ಕೂಸು ಯಾವತ್ತಾದ್ರೂ ಸರಿಯಾಗಿ ಊಟ ಮಾಡುತ್ತಾ? ನಾಲ್ಕು ಮಕ್ಕಳು ಒಂದೇ ತಟ್ಟೇಲಿ ಕೈ ಹಾಕಿದ್ರೇನೇ ನ್ಸಿಮಾ ಮುದ್ದೆ ಒಳಗೆ ಹೋಗೋದು."

ಹೆಂಗಸರಲ್ಲಿ ಅರ್ಧಕ್ಕರ್ಧ ಜನ ತಲೆಯಾಡಿಸಿದರಂತೆ. ಎನೆಲೆಸಿ ಗುದ್ದಲಿ ಕೆಳಗಿಟ್ಟು ಕೂತರು.

"ನಮ್ಮನೇಲಿ ನಾವು ಮೂರು ಜನ ಹೆಣ್ಮಕ್ಕಳು, ಅಗೋಗೊ. ಮೂವರಿಗೂ ಒಂದೇ ಪುಸ್ತಕ. ದೊಡ್ಡಕ್ಕ ಬರೀತಿದ್ಲು. ಚಿಕ್ಕಕ್ಕ ನೋಡ್ತಿದ್ಲು. ನಾನು ಚಿಕ್ಕಕ್ಕನ ಬೆನ್ನು ನೋಡ್ತಿದ್ದೆ. ಎರಡನೇ ಕ್ಲಾಸಿಗೆ ನನ್ನ ಓದು ಮುಗೀತು. ಆಮೇಲೆ ದೊಡ್ಡಕ್ಕಂದೂ ಮುಗೀತು, ಪುಸ್ತಕ ಹರಿದುಹೋಗಿತ್ತು. ಜೊತೆಗೆ ಜನ ಇದ್ರು, ಇಲ್ಲ ಅನ್ನಲ್ಲ."

ಫಲೇಸಿ ಮೊಳಕೆಗಳನ್ನೇ ನೋಡುತ್ತ ಕೂತರು. "ಈಗ ಎರಡನ್ನ ಕಿತ್ತು ಎಸೀಬೇಕಾ?"

"ಎಸೀಬೇಕು ಅಂತ ಯಾರು ಹೇಳಿದ್ರು? ನಿಮ್ಮ ಕಡೆ ಇಲಿ ತಿಂದು ಖಾಲಿಯಾದ ಕುಣಿಗಳಿಲ್ವಾ? ಬೇಲಿ ಬುಡ ಇಲ್ವಾ?"

"ಹಂಗಾದ್ರೆ..." ಅಜ್ಜಿ ತಡೆದು ತಡೆದು ಹೇಳಿದರು. "ಮೂರರಲ್ಲಿ ಎರಡು ಕಳೆದ್ರೆ ಇಲ್ಲಿ ಒಂದು. ಆ ಎರಡು ಅಲ್ಲಿ."

"ಅಲ್ಲಿ."

"ಮೂರು ವರ್ಷದಿಂದ ಕೇಳ್ತಿದ್ದೀನಿ! ಮೊದಲೇ ಹೇಳೋಕೇನಾಗಿತ್ತು ನಿಂಗೆ?"

ಆ ಸಂಜೆಯವರೆಗೆ ಹನ್ನೊಂದು ಸಾಲಿನ ಮೊಳಕೆಗಳನ್ನು ಬೆರಳಿನಿಂದ ಮಣ್ಣುಸಮೇತ ಎತ್ತಿ ಬೇರೆಡೆ ನೆಟ್ಟವರು ಫಲೇಸಿಯೇ. ಕೆಲವು ಬದುಕಿದವು, ಕೆಲವು ಸತ್ತವು. ಕುಣಿಯ ವಿಚಾರದಲ್ಲಿ ಮಾತ್ರ ಅವರ ಮನಸ್ಸು ಬದಲಾಗಲಿಲ್ಲ. ಲೆಕ್ಕ ಒಪ್ಪಿದ್ದೇನೆ, ಬೇಸಾಯ ಒಪ್ಪಿಲ್ಲ ಎಂದರು.

ಮಾರ್ಚ್‌ನಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಅಭ್ಯಾಸ ಮುಗಿಸಿ ಹಸಿದು ಬಂದ ಫುಟ್‌ಬಾಲ್ ತಂಡ ತೋಟದಿಂದ ಒಂಬತ್ತು ಎಳೆ ತೆನೆ ಕಿತ್ತು ಸುಟ್ಟು ತಿಂದಿತು. ಒಂಬತ್ತೂ ಒಂದು ಕಾಳಿನ ಕಡೆಯವು. ತಮ್ಮ ಮೈದಾನದ ಪರವಾಗಿಯೇ ಹೀಗೆ ಮಾಡಿದರೇ ಎಂದು ಅಮ್ಫುಮು ವಿಚಾರಿಸಿದಾಗ ಗೋಲ್‌ಕೀಪರ್ ತಲೆ ತಗ್ಗಿಸಿ, "ಅಲ್ಲ ಅಮ್ಫುಮು, ಆ ಕಡೇವು ದಪ್ಪಗಿದ್ವು" ಎಂದು ಬಿಟ್ಟ. ಎನೆಲೆಸಿ ಆ ಒಂಬತ್ತನ್ನು ಲೆಕ್ಕಕ್ಕೆ ಸೇರಿಸಿ ಎಂದು ಕೇಳಲೇ ಇಲ್ಲ. ಅಂಥ ಸಾಕ್ಷಿ ಒಂಬತ್ತು ತೆನೆಗೆ ಸಿಗುವುದು ಕಡಿಮೆಯೇ.

ಮಂಜು ಕರಗುವ ಹೊತ್ತಿಗೆ ಅಂಗಳ ತುಂಬಿದೆ. ಹೆಂಗಸರು ಎರಡು ಚಾಪೆಗಳ ಸುತ್ತ ಕೂತು ಕಾಳು ಬಿಡಿಸುತ್ತಾರೆ. ಬೆಂಡುಗಳು ಹಿಂದಕ್ಕೆ ಹಾರುತ್ತವೆ, ಮಾತು ಮುಂದಕ್ಕೆ. "ಒಂದೊಂದಮ್ಮ, ನಿಮ್ಮನೇಲಿ ಸಾರಿಗೂ ಒಂದೊಂದೇ ಮೀನಾ?" ಎಂದು ಬಲಗಡೆಯಿಂದ ಒಬ್ಬಾಕೆ. "ಒಂದೇ. ಆದ್ರೆ ಅದಕ್ಕೆ ತಲೆ, ಬಾಲ ಎರಡೂ ಇರುತ್ತೆ" ಎಂದು ಎನೆಲೆಸಿ. ಹುದುಗು ಬಂದ ಸಿಹಿ ತೊಬ್ವಾ ಪಾನೀಯದ ಬೋಗುಣಿ ಎರಡೂ ಕಡೆ ಸುತ್ತುತ್ತದೆ.

ಎನೆಲೆಸಿಗೆ ಮಾತಿಗೆ ಮಾತು ಬರುತ್ತಿದೆ, ಆದರೆ ಕೈ ಆಗಾಗ ಸೊಂಟದ ಹಗ್ಗಕ್ಕೆ ಹೋಗುತ್ತದೆ. ಒಂದೊಂದೇ ಗಂಟು ಮುಟ್ಟಿ ನೋಡುತ್ತಾರೆ. ಈ ತೋಟ ಉಳಿದರೆ ಇನ್ನೇನು ಬೇಕು ಎಂದು ಕೇಳುತ್ತೇನೆ.

"ಒಲೆಗೊಂದು ಸೂರು. ಜನವರೀಲಿ ಗಂಜಿಗೆ ಅರ್ಧ ನೀರು ನಾನು ಹಾಕ್ತೀನಿ, ಅರ್ಧ ಆಕಾಶ ಹಾಕುತ್ತೆ. ಮಕ್ಕಳು ರುಚಿ ಕಡಿಮೆ ಅಂತ ನನ್ನ ಬೈತಾರೆ, ಆಕಾಶಾನ ಬೈಯಲ್ಲ."

ಅಳತೆ ಶುರುವಾಗುತ್ತದೆ. ಅಮ್ಫುಮು ಕುರ್ಚಿ ಹಾಕಿಸಿಕೊಂಡು, ಕೋಲಿನಿಂದ ನೆಲದ ಮೇಲೆ ಬಕೆಟ್ಟಿಗೊಂದು ಗೆರೆ ಎಳೆಯುತ್ತಾರೆ. ಫಲೇಸಿ ತಮ್ಮ ಬಕೆಟ್‌ಗಳನ್ನು ಗೋಪುರ ಕಟ್ಟಿ ತುಂಬಬೇಕೆಂದು ಹಟ ಹಿಡಿದು, ಗೋಪುರ ಕಟ್ಟಿದರೆ ಬಕೆಟ್ ಕಡಿಮೆಯಾಗುತ್ತದೆ ಎಂದು ತಾವೇ ಲೆಕ್ಕ ಹಾಕಿ ಬಕೆಟ್ಟಿನ ಬಾಯಿ ಸವರಿ ಸಮ ಮಾಡುತ್ತಾರೆ. ಅಮ್ಫುಮು ಹನ್ನೊಂದು ಗೆರೆಗೊಮ್ಮೆ ಜಾಗ ಬಿಡುತ್ತಾರೆ. ಅವರಿಗೆ ಬರುವ ಎಣಿಕೆ ಅದೊಂದೇ.

"ಮೂರು ಕಾಳಿನ ಕಡೆ ಎರಡು ತಂಡ, ಮೇಲೆ ಐದು" ಎಂದು ಘೋಷಿಸುತ್ತಾರೆ. ಇಪ್ಪತ್ತೇಳು.

ಇನ್ನೊಂದು ಚಾಪೆ. ಮೊದಲ ತಂಡ ತುಂಬಿತು, ಎರಡನೆಯದೂ ತುಂಬಿತು. ಇಪ್ಪತ್ತೆಂಟನೆಯ ಬಕೆಟ್ ಎತ್ತುವಾಗ ಅಂಗಳದ ಕತ್ತುಗಳೆಲ್ಲ ಚಾಪೆಯ ಕಡೆ ಚಾಚುತ್ತವೆ. ಕಾಳಿನ ರಾಶಿ ಇನ್ನೂ ಮೊಣಕಾಲೆತ್ತರ ಇದೆ. ಎನೆಲೆಸಿ ಹಗ್ಗ ಬಿಟ್ಟು ಕೈ ಕಟ್ಟಿಕೊಳ್ಳುತ್ತಾರೆ.

"ಮೂರು ತಂಡ, ಮೇಲೆ ಹತ್ತು" ಎನ್ನುತ್ತಾರೆ ಅಮ್ಫುಮು ಕೊನೆಗೆ, ನೆಲ ನೋಡುತ್ತ. "ಗೋಲ್‌ಕೀಪರ್ ಒಬ್ಬ ಇಲ್ಲ ಅಷ್ಟೆ." ನಲವತ್ತಮೂರು. "ಎರಡಕ್ಕೂ ವ್ಯತ್ಯಾಸ ಎಷ್ಟಾಯ್ತು?"

ಹೆಡ್‌ಮಾಸ್ತರರು ಬಾಯಿ ತೆರೆಯುತ್ತಾರೆ. ಎನೆಲೆಸಿ ಕೈ ಎತ್ತಿ ತಡೆಯುತ್ತಾರೆ. ಇಪ್ಪತ್ತಮೂರು ಹೆಂಗಸರು ಇಪ್ಪತ್ತನಾಲ್ಕನೆಯವರ ಕಡೆ ತಿರುಗುತ್ತಾರೆ.

ಅಗೋಗೊ ಫಲೇಸಿ ಊರುಗೋಲು ಊರಿ ಎದ್ದು ನಿಂತು, ಅಮ್ಫುಮು ಎಳೆದ ಗೆರೆಗಳನ್ನು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ನೋಡುತ್ತಾರೆ. ತುಟಿ ಅಲ್ಲಾಡುತ್ತದೆ. "ಹದಿನಾರು" ಎನ್ನುತ್ತಾರೆ. "ಎಲ್ಲಿ ಹೋಯ್ತು ಅಂತ ನಂಗೇನೂ ಕೇಳ್ಬೇಡಿ. ಮಕ್ಕಳ ಹೊಟ್ಟೆಗೆ ಹೋಗುತ್ತೆ." ನಂತರ, ಕೂಡುವುದು ಅವರಿಗೆ ಯಾವತ್ತೂ ಇಷ್ಟವಾದ್ದರಿಂದ, ಕೇಳದೆಯೇ ಸೇರಿಸುತ್ತಾರೆ: "ಎರಡೂ ಕಡೆ ಒಂದೊಂದೇ ಹಾಕಿದ್ರೆ ಎಂಬತ್ತಾರು. ದಿನಕ್ಕೊಂದು. ಮಾರ್ಚ್ ನಡುವಿಗೆ ಬಂತು."

ಎನೆಲೆಸಿ ಅಜ್ಜಿಯ ಸ್ಲೇಟು ತೆಗೆದು, ಹದಿನಾರು ಎಂದು ಬರೆದು, ಪಕ್ಕ ಸರಿ ಗುರುತು ಹಾಕಿ, ಎಲ್ಲರಿಗೂ ಕಾಣುವಂತೆ ಕಿಟಕಿಗೆ ಒರಗಿಸುತ್ತಾರೆ. ಅವರು ಸೌಟು ಹಿಡಿದು ನಿಲ್ಲುತ್ತಿದ್ದ ಕಿಟಕಿ ಅದು.

ಅಮ್ಫುಮು ಕುರ್ಚಿಯಿಂದ ಎದ್ದು, "ಕಂಬ ಕಡಿದಾಗಿದೆ. ಜಗುಲೀಲಿಟ್ಟು ಗೆದ್ದಲಿಗೆ ಹಾಕೋಕಾಗುತ್ತಾ?" ಎಂದು ತಂಡದವರನ್ನು ಕರೆಯುತ್ತಾರೆ.

ತೋಟ ಶಾಲೆಗೇ ಉಳಿಯಿತು. ಫುಟ್‌ಬಾಲ್ ಇಳಿಜಾರಿನಲ್ಲಿ ಮುಂದುವರಿದಿದೆ. ಗಂಜಿ ಒಲೆಯ ಸುತ್ತ ಈಗ ನಾಲ್ಕು ಗೋಲ್ ಕಂಬಗಳೂ ಮೇಲೆ ಎರಡು ಅಡ್ಡಕಂಬಗಳೂ ನಿಂತಿವೆ. ಹುಲ್ಲು ಹೊದಿಸುವುದು ಬಾಕಿ ಇದೆ.