ಗಂಗಮ್ಮತ್ತೆ ಕಲಿತ ಹೆಸರು

ಬೆಳಿಗ್ಗೆ ಪಕ್ಕದ ಮನೆಯ ಪುಟ್ಟಿ ನಮ್ಮ ಕಟ್ಟೆಯ ಮೇಲೆ ಕೂತು ಟಿಕಳಿ ಪಿಸ್ತೂಲು ಹೊಡೆದಳು. ಮದ್ದಿನ ವಾಸನೆ ಅಡುಗೆಮನೆಯವರೆಗೂ ಬಂತು. ಬೇರೆಯವರಿಗೆ ಆ ವಾಸನೆಯಿಂದ ದೀಪಾವಳಿ ನೆನಪಾಗುತ್ತದೆ. ನನಗೆ ಗಂಗಮ್ಮತ್ತೆ, ಅವಳ ಹಿಂದೆಯೇ ಹೈಕೋರ್ಟು. ನಗಬೇಡಿ, ಹೇಳುತ್ತೇನೆ.

ಅತ್ತೆ ನಮ್ಮಪ್ಪನ ತಂಗಿ. ಹರಿಹರದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಅಲ್ಲಿಗೆ ಕಾಲುವೆ ನೀರು ಬಂದ ಹೊಸತು. ನೀರು ಬಂತೆಂದು ಹೋಳಿಗೆ ಮಾಡಿ ಉಂಡ ಜನವೇ ಆಮೇಲೆ ನೀರಿನ ಸರದಿಗಾಗಿ ಹೊಡೆದಾಡತೊಡಗಿದರು. ಒಂದು ಮುಸ್ಸಂಜೆ ಯಾರೋ ಹಂದಿ ಓಡಿಸುವ ಬಂದೂಕು ಹಾರಿಸಿ, ಒಬ್ಬ ರೈತ ಬದುವಿನ ಮೇಲೆಯೇ ಸತ್ತುಬಿದ್ದ. ಪೊಲೀಸರು ಹಿಡಿದದ್ದು ಅತ್ತೆಯ ಗಂಡ ರುದ್ರಪ್ಪ ಮಾವನನ್ನು, ಜೊತೆಗೆ ಅವರ ಇಬ್ಬರು ದಾಯಾದಿಗಳನ್ನು. ಮಾವ ಆ ಹೊತ್ತಿಗೆ ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ಅದನ್ನು ಕಂಡವಳು ಅತ್ತೆಯೊಬ್ಬಳೇ.

ಹೀಗಾಗಿ ಚಿತ್ರದುರ್ಗದ ಸೆಷನ್ಸ್ ಕೋರ್ಟಿನಲ್ಲಿ ಅವಳು ಸಾಕ್ಷಿ ಹೇಳಬೇಕಾಯಿತು. ಆ ಸಂಜೆ ಮನೆಯಲ್ಲಿ ಮಲಗಿದ್ದವರು ಯಾರು ಎಂದು ನಮ್ಮ ವಕೀಲರು ಕೇಳಿದರು.

“ಅವ್ರು” ಎಂದಳು ಅತ್ತೆ.

“ಅವ್ರು ಅಂದ್ರೆ? ಹೆಸರು ಹೇಳಮ್ಮ” ಎಂದು ಸರ್ಕಾರಿ ವಕೀಲರು ಗದರಿದರು.

ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸು ಅವಳು. ಕಟಕಟೆಯಲ್ಲಿ ಗಂಡ, ಬೆಂಚಿನ ಮೇಲೆ ಊರ ಹಿರಿಯರು. ನಮ್ಮ ವಕೀಲರು “ರುದ್ರಪ್ಪನಾ?” ಎಂದು ಎತ್ತಿಕೊಡಲು ಹೋದರೆ, ಸಾಕ್ಷಿಯ ಬಾಯಿಗೆ ಮಾತು ತುರುಕುವಂತಿಲ್ಲ ಎಂದು ಆಕ್ಷೇಪಣೆ. ಅಲ್ಲಿಂದ ಮುಂದೆ ಅತ್ತೆಯ ನಾಲಿಗೆ ಏಳಲೇ ಇಲ್ಲ. ಯಾರೋ ಹೇಳಿಕೊಟ್ಟ ಸಾಕ್ಷಿ, ನಂಬಲಾಗದು ಎಂದರು ಜಡ್ಜು. ಮೂವರಿಗೂ ಜೀವಾವಧಿಯಾಯಿತು.

ಬೆಂಗಳೂರಿಗೆ ಅಪೀಲು ಹೋಯಿತು. ಅತ್ತೆ ದಾವಣಗೆರೆಗೆ, ನಮ್ಮ ಮನೆಗೆ ಬಂದಳು. ತಟ್ಟೆ ಮುಂದೆ ಕೂತರೆ ತುತ್ತು ಎತ್ತುತ್ತಿರಲಿಲ್ಲ. “ಅವ್ರನ್ನ ಒಳಗ ಹಾಕ್ಸಿದ್ದು ನನ್ನ ಬಾಯೇ ಕಣೇ” ಎನ್ನುತ್ತಿದ್ದಳು. ಒಂದು ದಿನ ತಾನೇ ಕೇಳಿದಳು: “ದೊಡ್ಡ ಕೋರ್ಟ್‌ನಾಗೆ ಮತ್ತ ಕೇಳ್ತಾರಲ್ಲ, ಹೆಂಗಾರ ಮಾಡಿ ನಂಗೆ ಹೇಳಾಕೆ ಕಲಿಸು.”

ನಾನಾಗ ಕಾಲೇಜು ಸೇರಿ ನೆಲದ ಮೇಲೆ ಕಾಲು ನಿಲ್ಲದ ಕಾಲ. ಸಲೀಸಾಗಿ ಗುರುವಾಗಿಬಿಟ್ಟೆ. ಮೊದಲಕ್ಷರಕ್ಕೇ ಅತ್ತೆಯ ಕೆನ್ನೆ ಕೆಂಪಾಗುತ್ತಿತ್ತು. ಕೊನೆಗೆ ಉಪಾಯ ಹೊಳೆಯಿತು: ಬಟ್ಟೆ ಗಿರಣಿಯ ಭೋಂಗಾ ಕೂಗುವಾಗ ಅದರ ಸದ್ದಿನ ಮರೆಯಲ್ಲಿ ಕೂಗುವುದು. ಕೂಗಿದ ಮೇಲೆ ಪ್ರತಿ ಸಲವೂ ತಾಳಿಯನ್ನು ಕಣ್ಣಿಗೊತ್ತಿಕೊಳ್ಳುವುದು. ಬರುಬರುತ್ತಾ ಭೋಂಗಾ ಮುಗಿದರೂ ಅತ್ತೆಯ ಕೂಗು ಮುಗಿಯುತ್ತಿರಲಿಲ್ಲ. ಓಣಿಯಲ್ಲಿ ಇನ್ನೊಬ್ಬ ರುದ್ರಪ್ಪನಿದ್ದ. ಪಾಪ, ಆಗಾಗ ಬಂದು “ಕರೆದ್ರೇನ್ರಿ ಅಕ್ಕಾರೆ?” ಎಂದು ಕೇಳಿ ಹೋಗುತ್ತಿದ್ದ.

ಅಪೀಲಿನಲ್ಲಿ ಸಾಕ್ಷಿಗಳನ್ನು ಸಾಮಾನ್ಯವಾಗಿ ಮತ್ತೆ ಕರೆಸುವುದಿಲ್ಲ, ವಕೀಲರ ವಾದವಷ್ಟೇ ಕೇಳುತ್ತಾರೆ ಎಂದು ಅಪ್ಪನಿಗೆ ಗೊತ್ತಿತ್ತು. “ಹೇಳಬ್ಯಾಡ” ಎಂದರು ನನಗೆ. “ಆ ಆಸೆ ಮ್ಯಾಲೆ ನಾಕು ತುತ್ತು ಉಣ್ತಾಳೆ.”

ಕಡೆಗೂ ತೀರ್ಪು ಬಂತು. ಆ ಮಬ್ಬಿನಲ್ಲಿ ಅಷ್ಟು ದೂರದಿಂದ ಮಾವನ ಮುಖ ಕಂಡೆವೆಂಬ ಪೊಲೀಸರ ಕಡೆಯ ಸಾಕ್ಷಿಗಳ ಮಾತನ್ನು ಹೈಕೋರ್ಟು ಒಪ್ಪಲಿಲ್ಲ. ದಾಯಾದಿಗಳ ಶಿಕ್ಷೆ ಹಾಗೆಯೇ ಉಳಿಯಿತು, ಮಾವ ಖುಲಾಸೆ. ಅತ್ತೆ ಅತ್ತಳು, ನಕ್ಕಳು, ಆಮೇಲೆ ಮುನಿಸಿಕೊಂಡಳು. “ನನ್ನ ಕೇಳ್ಲೇ ಇಲ್ವಲ್ಲೇ!”

ಹರಿಹರ ಸ್ಟೇಷನ್ನಿಗೆ ನಾವಿಬ್ಬರೂ ಹೋಗಿದ್ದೆವು. ರೈಲಿಳಿದ ಮಾವ ಇಳಿದುಹೋಗಿದ್ದರು, ಗುರುತೇ ಸಿಗದಷ್ಟು. ತಲೆ ತಗ್ಗಿಸಿ, ನಮ್ಮನ್ನು ನೋಡದೆ, ಜನರ ನಡುವೆ ಗೇಟಿನತ್ತ ನಡೆದುಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಪಕ್ಕದಿಂದ ಭೋಂಗಾದಂಥ ದನಿ ಎದ್ದಿತು.

“ರುದ್ರಪ್ಪಾ!”

ಇಡೀ ಪ್ಲಾಟ್‌ಫಾರ್ಮು ತಿರುಗಿತು. ಮಾವ ನಿಂತರು. ಹತ್ತಿರ ಬಂದು, “ಯಾರು ಕರೆದದ್ದು?” ಎಂದರು. ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನನ್ನತ್ತ ಬೆರಳು ತೋರಿಸಿದಳು. “ಇವ್ಳು.”

“ಈಗ ಸುಳ್ಳು ಹೇಳಾಕೆ ಕಲ್ತೀಯಲ್ಲೇ” ಎಂದು ಮಾವ ನಗಲು ಹೋದರು, ಆಗಲಿಲ್ಲ. ಅಲ್ಲಿಯೇ ನಿಂತು ಮಗುವಿನ ಹಾಗೆ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ನಾನೋ, ಹೊಸ ಕಾಲದವಳೆಂಬ ಜಂಬದಲ್ಲಿ ಮದುವೆಯಾದಾಗಿನಿಂದ ಗಂಡನನ್ನು ಹೆಸರು ಹಿಡಿದೇ ಕರೆಯುತ್ತ ಬಂದವಳು, ಹೆಚ್ಚಾಗಿ ಬೈಯುವುದಕ್ಕೆ. ಈಗಷ್ಟೇ ಹಿತ್ತಲಿನತ್ತ ತಿರುಗಿ, ಮೆಲ್ಲಗೆ, ಒಮ್ಮೆ ಕರೆದೆ. ಕೈಯ ಮಣ್ಣನ್ನೂ ತೊಳೆಯದೆ ಗಾಬರಿಯಿಂದ ಓಡಿ ಬಂದರು.

“ಏನಾತು? ಈಗ ನಾನೇನು ಮಾಡ್ದೆ?”

“ಏನಿಲ್ರಿ” ಎಂದೆ. “ಓ ಅಂತೀರೇನೋ ಅಂತ ಕರೆದೆ.”