ಓಣಿಯ ಅರ್ಜಿಯಲ್ಲಿ ನನ್ನ ಕಿವಿ

ಮಧ್ಯಾಹ್ನ ಎರಡೂವರೆಗೆ ಅವ್ವ ಅಡುಗೆಮನೆಯ ಹಲಗೆಯ ಮೇಲಿನ ಏಳು ಸ್ಟೀಲ್ ಡಬ್ಬಿಗಳನ್ನು ಎರಡೂ ತೋಳು ಚಾಚಿ ಅಪ್ಪಿಕೊಂಡು ನಿಲ್ಲುತ್ತಾಳೆ. ಸೇಡಂನಲ್ಲಿ ನಮ್ಮ ಓಣಿಯ ಹಿಂದೆ ಸುಣ್ಣಕಲ್ಲಿನ ಖಣಿ ಇದೆ. ಮದ್ದು ಹಾರಿಸುವ ಮೊದಲು ಅಲ್ಲಿ ಎಚ್ಚರಿಕೆಯ ಭೋಂಗಾ ಊದುತ್ತಾರೆ. ಊದಿದ್ದೇ ತಡ, ಓಣಿಯ ಹೆಂಗಸರು ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಡಬ್ಬಿ, ಗಡಿಗೆ, ದೇವರ ಫೋಟೊ ಹಿಡಿದುಕೊಳ್ಳುತ್ತಾರೆ. ನೆಲ ನಡುಗಿ ಅಡಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ.

ಎಂ.ಎ. ಮುಗಿಸಿ ಕಲಬುರಗಿಯಿಂದ ಮನೆಗೆ ಬರುವಷ್ಟರಲ್ಲಿ ನನ್ನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಮುಕ್ಕಾಲು; ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದೆ. ನನಗಾಗ ಇಪ್ಪತ್ತನಾಲ್ಕು. ನರದ ದೋಷ, ಅಪ್ಪನ ಮನೆತನದಿಂದ ಬಂದದ್ದು ಎಂದು ವೈದ್ಯರು ಬರೆದುಕೊಟ್ಟರು. ಕಿವಿಗೆ ಹಾಕುವ ಮಷೀನೂ ಬಂತು. ಮದುವೆ ಗೊತ್ತಾಗುವ ತನಕ ಅದನ್ನು ಹಾಕಿಕೊಂಡು ಹೊಸ್ತಿಲು ದಾಟಬಾರದೆಂದು ಅವ್ವ ತೀರ್ಮಾನಿಸಿದಳು. ನನಗೇನೂ ಕಷ್ಟವಾಗಲಿಲ್ಲ. ಮೊದಲಿನಿಂದಲೂ ನನ್ನದು ಮಾತು ಕಡಿಮೆ. ಉತ್ತರ ಕೊಡದಿದ್ದರೆ ಓದಿದ ಸೊಕ್ಕು ಎಂದುಕೊಳ್ಳುತ್ತಿದ್ದರು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವಳು ಅನ್ನಿಸಿಕೊಳ್ಳುವುದೇ ನನಗೂ ಸುಲಭವಾಗಿತ್ತು.

ಗುಟ್ಟು ರಟ್ಟಾದದ್ದು ನಾನು ಅಪರೂಪಕ್ಕೆ ಮಾತಾಡಿದ್ದರಿಂದ. ಪಕ್ಕದ ಮನೆಯ ಹೆಂಗಸಿಗೆ, ಓಣಿಗೆಲ್ಲ ಕಾಕು ಆದವಳಿಗೆ, ಪಿಂಚಣಿಯ ಅರ್ಜಿ ತುಂಬಿಕೊಡುತ್ತಿದ್ದೆ. ಕಣ್ಣು ಕಾಗದದ ಮೇಲೆ, ಬಾಯಲ್ಲಿ ವಿವರಣೆ. ನೆಲ ನಡುಗಿತೆಂದು ತಲೆಯೆತ್ತಿದರೆ ಕಾಕು ಗಡಿಗೆಯನ್ನು ತಬ್ಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಎದುರು ಬಾಗಿಲುಗಳಲ್ಲೂ ಮುಖಗಳು. ಇಡೀ ಓಣಿ ಬಾಯಿ ಮುಚ್ಚಿ ನಿಂತಾಗ ನಾನೊಬ್ಬಳೇ ಆಧಾರ್ ಕಾರ್ಡಿನ ಝೆರಾಕ್ಸ್ ಬಗ್ಗೆ ಹೇಳುತ್ತ ಕೂತಿದ್ದೆ.

"ಯವ್ವಾ, ನಿನಗ ಭೋಂಗಾ ಕೇಳಂಗಿಲ್ಲೇನ?" ಎಂದಳು ಕಾಕು.

ಸಂಜೆಯೊಳಗೆ ಎಲ್ಲರೂ ಅಯ್ಯೋ ಅನ್ನುತ್ತಾರೆ ಎಂದು ಹೆದರಿದ್ದೆ. ಓಣಿಯ ತುದಿಯ ನಿವೃತ್ತ ಮಾಸ್ತರರು ಮಾತ್ರ ಖುಷಿಯಾಗಿ ಬಂದರು. ಗೋಡೆಗಳು ಬಿರುಕು ಬಿಟ್ಟಿವೆ ಎಂದು ಅವರು ಎರಡು ವರ್ಷದಿಂದ ಅರ್ಜಿ ಕೊಡುತ್ತಿದ್ದರು. ಯಾರೂ ಬಂದು ನೋಡಿರಲಿಲ್ಲ.

"ಗ್ವಾಡಿ ನೋಡಾಕ ಯಾರ ಬರ್ತಾರ ತಂಗಿ? ಕಿವಿ ಅಂದ್ರ ಓಡಿ ಬರ್ತಾರ. ಇಷ್ಟ ದಿನ ಯಾಕ ಮುಚ್ಚಿಟ್ಟಿದ್ದಿ?" ಎಂದರು, ಓಣಿಯ ಆಸ್ತಿಯೊಂದನ್ನು ನಾನು ಬಚ್ಚಿಟ್ಟಂತೆ.

ಬ್ಲಾಸ್ಟಿಂಗ್‌ನಿಂದ ಹೋದದ್ದಲ್ಲ, ವೈದ್ಯರ ಚೀಟಿ ಇದೆ ಎಂದೆ. ಅವ್ವ ನನ್ನ ಕೈ ಅದುಮಿದಳು. ಮಾಸ್ತರರು ಹೋದ ಮೇಲೆ ನನ್ನ ಎದುರಿಗೆ ಕೂತು ನಿಧಾನ ಹೇಳಿದಳು: "ಬ್ಲಾಸ್ಟಿಂಗ್‌ಲಿಂದ ಹೋಗ್ಯಾವ ಅಂದ್ರ ಚಲೋನೇ ಆತಲ್ಲ. ಮನೆತನದಾಗ ಐಬು ಇಲ್ಲ ಅಂತ ಆಗ್ತದ. ನಾಳೆ ಗಂಡಿನ ಕಡ್ಯಾವ್ರೂ ಕೇಳಾಂಗಿಲ್ಲ."

ಒಂದು ಸುಳ್ಳಿನಿಂದ ಓಣಿಯ ಗೋಡೆಗಳೂ ನನ್ನ ಮದುವೆಯೂ ಒಟ್ಟಿಗೆ ರಿಪೇರಿಯಾಗುವಂತಿದ್ದವು. ಅಡ್ಡಿಯಾಗಿದ್ದವಳು ನಾನೊಬ್ಬಳೇ. ಹೋದದ್ದೇ ಹೋಯಿತು, ಹೇಗೆ ಹೋಯಿತು ಎಂಬುದಾದರೂ ನನ್ನದಾಗಿರಲಿ ಎಂಬ ಹಟ. ಆದರೂ ಮಾಸ್ತರರು ಅರ್ಜಿಯಲ್ಲಿ ನನ್ನ ಕಿವಿ ಸೇರಿಸುವಾಗ ತಡೆಯಲಿಲ್ಲ.

ಅರ್ಜಿಯಲ್ಲಿ ಕಿವಿ ಸೇರಿದ ಹತ್ತೇ ದಿನಕ್ಕೆ ಗಣಿ ಇಲಾಖೆಯ ಸಾಹೇಬರೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಮಾಸ್ತರರ ಕಟ್ಟೆಯ ಮೇಲೆ ತಾಲೀಮು ಶುರುವಾಯಿತು. ಸಾಹೇಬರ ಪಾತ್ರ ಮಾಸ್ತರರದ್ದೇ.

"ಹೆಸರು ಕೇಳಿದ್ರ ಪಟ್ನ ಹೇಳಬ್ಯಾಡ. ಎರಡ ಸಲ ಆಂ ಅನ್ನು. ಮೂರನೇದಕ್ಕ ಹೇಳು."

"ಆಂ?" ಎಂದೆ.

"ಭಾಳ ಸಣ್ಣದಾತು," ಎಂದಳು ಕಾಕು. "ಕಾಲೇಜಿನಾಗ ಡೌಟ್ ಕೇಳಿದಂಗ ಅದ. ಹಿಂಗಲ್ಲ, ನೋಡಿಲ್ಲಿ."

ಅವಳು ಸೆರಗು ಸರಿಸಿ, ಬಾಯಿ ಓರೆ ಮಾಡಿ, ಕಿವಿಗೆ ಅಂಗೈ ಹಿಡಿದು ತೋರಿಸಿದಳು. ಅದ್ಭುತವಾಗಿತ್ತು. ನನಗೇ ಅವಳ ಮೇಲೆ ಮರುಕ ಹುಟ್ಟಿತು. ನಾಲ್ಕು ದಿನ ಕಲಿಸಿದರೂ ನನಗೆ ಅದು ಬರಲಿಲ್ಲ. ಓಣಿಯಲ್ಲಿ ಕಿವಿ ಕೇಳದವಳು ನಾನೊಬ್ಬಳೇ, ಕಿವುಡಿಯ ಪಾತ್ರಕ್ಕೆ ಒಗ್ಗದವಳೂ ನಾನೊಬ್ಬಳೇ.

ಸಾಹೇಬರು ಬಂದರು. ಚಿಕ್ಕ ವಯಸ್ಸು, ಮೀಸೆ ಇಲ್ಲ, ಒಂದೊಂದು ಅಕ್ಷರವನ್ನೂ ತುಟಿ ಬಿಡಿಸಿ ಆಡುವ ಮನುಷ್ಯ. ಅಂಥ ಬಾಯಿಯನ್ನು ಓದುವುದು ಪುಸ್ತಕ ಓದಿದಷ್ಟೇ ಸಲೀಸು. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ನಾನು ತಪ್ಪಿಲ್ಲದೆ ಉತ್ತರಿಸಿದೆ.

"ಇವರಿಗೆ ಚೆನ್ನಾಗೇ ಕೇಳಿಸುತ್ತಲ್ಲ ಮಾಸ್ತರೇ?"

ಮಾಸ್ತರರ ಮುಖ ಇಳಿಯಿತು. ಅವರು ಏನೋ ಸನ್ನೆ ಮಾಡಿದ್ದು ಕಂಡಿತು. ಮರುಕ್ಷಣ ಸಾಹೇಬರು ಕುರ್ಚಿಯಿಂದ ಹಾರಿಬಿದ್ದರು, ಫೈಲು ನೆಲಕ್ಕೆ ಚೆಲ್ಲಿತು. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆ ಕಾಕು ಹಿಟ್ಟು ನಾದುವ ಪರಾತಕ್ಕೆ ಲಟ್ಟಣಿಗೆಯಿಂದ ಬಡಿದು ನಿಂತಿದ್ದಳು.

"ಸಾಹೇಬ್ರು ಜಿಗದ್ರು, ಹುಡುಗಿ ಅಳ್ಳಾಡಿಲ್ಲ ನೋಡ್ರಿ!" ಎಂದು ಗೆದ್ದವಳಂತೆ ಸುತ್ತ ನೋಡಿದಳು.

ಸಾಹೇಬರು ಕಾಗದ ಆರಿಸಿಕೊಂಡು ನನ್ನನ್ನು ಕೇಳಿದರು: "ಇದು ಬ್ಲಾಸ್ಟಿಂಗ್‌ನಿಂದಲೇ ಆದದ್ದಾ?"

ಅವ್ವ ನನ್ನನ್ನು ನೋಡುತ್ತಿದ್ದಳು. ನಾನು ಪರ್ಸಿನಿಂದ ಮಷೀನು ತೆಗೆದು ಎಲ್ಲರೆದುರು ಎಡಗಿವಿಗೆ ಹಾಕಿಕೊಂಡೆ. ಒಂದು ಸಲ ಜಾರಿತು, ಮತ್ತೆ ಒತ್ತಿ ಕೂರಿಸಿದೆ.

"ಅಲ್ಲರಿ. ಅಪ್ಪನ ಮನೆತನದಿಂದ ಬಂದದ್ದು. ಬ್ಲಾಸ್ಟಿಂಗ್‌ಲಿಂದ ಆಗಿದ್ದು ಗ್ವಾಡಿ ಬಿರುಕು."

"ಬಿರುಕು ಎಷ್ಟಿವೆ? ಎಷ್ಟು ಉದ್ದ?"

ಮಾಸ್ತರರ ಎರಡು ವರ್ಷದ ಅರ್ಜಿಗಳಲ್ಲಿ ಇದ್ದದ್ದು 'ಭಾಳ ದೊಡ್ಡವು' ಎಂದಷ್ಟೇ. ಅದನ್ನು ಬರೆದುಕೊಳ್ಳಲು ಆಗುವುದಿಲ್ಲ, ಮನೆವಾರು ಅಳತೆ ಕೊಡಿ ಎಂದು ಸಾಹೇಬರು ಎದ್ದರು.

"ಕಿವಿ ಹೋಗೂ ಬದಲಿ ಇಕಿ ನಾಲಿಗಿ ಹೋಗಿದ್ರ ಓಣಿ ಉದ್ಧಾರ ಆಗ್ತಿತ್ತು," ಎಂದಳು ಕಾಕು. ಮಷೀನು ಹಾಕಿದ್ದರಿಂದ ಪೂರಾ ಕೇಳಿಸಿತು. ಆ ಸಂಜೆ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಬೈಯುವುದಿದ್ದರೂ ಗೋಡೆಗೆ ಮುಖ ಮಾಡಿ ಬೈದಳು. ಅವಳ ತುಟಿ ಕಾಣಲಿಲ್ಲ, ಆದರೆ ಈಗ ಅರ್ಧಕ್ಕರ್ಧ ಕಿವಿಗೆ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ಮಷೀನು ಹಾಕಿಕೊಂಡು, ಬಟ್ಟೆ ಅಳೆಯುವ ಟೇಪು ಮತ್ತು ನೋಟ್‌ಬುಕ್ಕು ತೆಗೆದುಕೊಂಡು ಕಾಕುವಿನ ಬಾಗಿಲು ಬಡಿದೆ. ಅವಳು ನನ್ನ ಕಿವಿ ನೋಡಿದಳು, ಟೇಪು ನೋಡಿದಳು, ಒಳಗಿನಿಂದ ಸ್ಟೂಲು ತಂದಿಟ್ಟಳು. ಒಲೆಯ ಮೇಲಿನ ಬಿರುಕಿನ ಕೆಳತುದಿಗೆ ಅವಳು ಟೇಪು ಒತ್ತಿ ಹಿಡಿದಳು. ನಾನು ಸ್ಟೂಲು ಹತ್ತಿ ಅಳೆದು ಬರೆದುಕೊಂಡೆ: ಮನೆ ಒಂದು, ಅಡುಗೆಕೋಣೆ, ಮೂರು ಅಡಿ ಏಳು ಇಂಚು.